ಜರುಗಿತು, ನಡೆಯಲಿದೆ

ಸೋಮವಾರದ ಪತ್ರಿಕೆಯನ್ನು ನಮ್ಮ ಮನೆಯಲ್ಲಿ ಮೊದಲು ಓದುವವರು ಅಪ್ಪ. ಹೋದ ವರ್ಷ ಶ್ರಾವಣ ಮುಗಿದ ಮೇಲೆ ಬಂದ ಒಂದು ಸೋಮವಾರ, ನಾನು ಶಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದಾಗ, ಅವರು ಜಿಲ್ಲಾ ಪುಟವನ್ನು ಮಡಚಿ ಮೊಣಕಾಲಿನ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದರು. ಎದುರಿಗಿದ್ದ ಚಹಾ ಆರಿ ಕೆನೆಗಟ್ಟಿತ್ತು. ಏನಾಯಿತೆಂದು ಕೇಳಿದ್ದಕ್ಕೆ ಪುಟವನ್ನು ನನ್ನ ಕಡೆ ತಿರುಗಿಸಿ, "ನಿನ್ನಿ ಇಲ್ಲೇ ಆಗ್ಯಾದ ನೋಡವ್ವ" ಎಂದರು. ತತ್ವಪದ ಗಾಯನದ ವರದಿ ಅದು. ನಮ್ಮ ಮನೆಯಿಂದ ನಡೆದು ಹೋದರೆ ಹದಿನೈದು ನಿಮಿಷದ ದಾರಿಯಲ್ಲಿರುವ ಸಭಾಭವನದಲ್ಲಿ, ಭಾನುವಾರ ಸಂಜೆ, ಹಳ್ಳಿಗಳಿಂದ ಬಂದ ತಂಡಗಳು ಏಕತಾರಿ, ದಮ್ಮಡಿ ಹಿಡಿದು ಹಾಡಿದ್ದವು. ಪ್ರವೇಶ ಉಚಿತವಾಗಿತ್ತು. ಅದೇ ಸಂಜೆ ಅಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು, ಹೊತ್ತು ಹೋಗದೆ ಬೀದಿಯನ್ನು ನೋಡುತ್ತಿದ್ದುದನ್ನು ನಾನೇ ಕಂಡಿದ್ದೆ.

ಅಪ್ಪ ಆಳಂದ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಬೆಳೆದವರು. ಅಮಾವಾಸ್ಯೆಯ ರಾತ್ರಿ ಮಠದಲ್ಲಿ ಬೆಳತನಕ ನಡೆಯುತ್ತಿದ್ದ ಭಜನೆಯಲ್ಲಿ, ಮುತ್ಯಾನ ಪಕ್ಕದಲ್ಲಿ ನಿದ್ದೆಗಣ್ಣಿನಲ್ಲಿಯೇ ಕುಳಿತು ಪದ ಕಲಿತವರು. ಅಂಚೆ ಇಲಾಖೆಯ ನೌಕರಿ ಹಿಡಿದು ಕಲಬುರಗಿಗೆ ಬಂದ ಮೇಲೆ ಪದಗಳು ನೆನಪಿನಲ್ಲಿ ಉಳಿದವು, ಕೂಡಿ ಹಾಡುವವರ ಸಂಗ ಉಳಿಯಲಿಲ್ಲ. ಆ ಸೋಮವಾರದ ವರದಿಯಲ್ಲಿ ದೀಪ ಬೆಳಗಿಸಿದವರ, ಅಧ್ಯಕ್ಷತೆ ವಹಿಸಿದವರ, ವೇದಿಕೆಯ ಮೇಲೆ ಉಪಸ್ಥಿತರಿದ್ದವರ, ಸ್ವಾಗತಿಸಿದವರ, ನಿರೂಪಿಸಿದವರ, ವಂದಿಸಿದವರ ಹೆಸರುಗಳೆಲ್ಲ ಇದ್ದವು. ಹಾಡಿದವರ ಹೆಸರು ಇರಲಿಲ್ಲ. ಯಾವ ಪದ ಹಾಡಿದರು ಎಂಬುದಂತೂ ಇರಲೇ ಇಲ್ಲ. ಅಪ್ಪ ಆ ವರದಿಯನ್ನು ಎರಡು ಸಲ ಓದಿದ್ದು ಅದನ್ನೇ ಹುಡುಕಿಕೊಂಡು.

ಅವರು ಯಾರ ಮೇಲೂ ಸಿಟ್ಟಾಗಲಿಲ್ಲ. "ಗೊತ್ತಾಗಿದ್ರ ಹೋಗ್ತಿದ್ದೆ" ಎಂದಷ್ಟೇ ಹೇಳಿ ಪತ್ರಿಕೆಯನ್ನು ತೆಗೆದಿಟ್ಟರು. ಬಸ್ಸಿನಲ್ಲಿ ಶಾಲೆಯವರೆಗೂ ಆ ಮಾತು ನನ್ನನ್ನು ಬಿಡಲಿಲ್ಲ. ನಮ್ಮ ಊರಿನಲ್ಲಿ ಏನೂ ನಡೆಯುವುದಿಲ್ಲ, ನೋಡಲು ಕೇಳಲು ಏನಿದ್ದರೂ ಬೆಂಗಳೂರು, ಹೈದರಾಬಾದಿನಲ್ಲೇ ಎಂದು ನಾನೂ ಎಷ್ಟೋ ಸಲ ಹೇಳಿದ್ದೇನೆ. ಅಪ್ಪನ ಮೊಣಕಾಲ ಮೇಲಿದ್ದ ಆ ಪುಟ ನನ್ನ ಮಾತು ತಪ್ಪೆಂದು ತೋರಿಸುತ್ತಿತ್ತು. ಇಲ್ಲಿ ನಡೆಯುತ್ತದೆ, ಬೇಕಾದಷ್ಟು ನಡೆಯುತ್ತದೆ, ಅದರಲ್ಲಿ ಹೆಚ್ಚಿನದಕ್ಕೆ ಒಂದು ರೂಪಾಯಿಯೂ ಕೊಡಬೇಕಿಲ್ಲ. ಆದರೆ ಸುದ್ದಿ ನಮ್ಮ ಮನೆಗೆ ಬರುವಷ್ಟರಲ್ಲಿ ಜಮಖಾನೆ ಸುತ್ತಿಟ್ಟು ಭವನದ ಬಾಗಿಲು ಹಾಕಿರುತ್ತಾರೆ.

ಕೆಂಪು ಗೆರೆ, ನೀಲಿ ಗೆರೆ

ನಾನು ಕನ್ನಡ ಕಲಿಸುವವಳು. ಆ ವಾರ ಏಳನೆಯ ತರಗತಿಗೆ ಕಾಲಗಳ ಪಾಠವಿತ್ತು. ಪುಸ್ತಕದ ವಾಕ್ಯಗಳ ಬದಲು ಪತ್ರಿಕೆಯ ಜಿಲ್ಲಾ ಪುಟವನ್ನೇ ಮಕ್ಕಳ ಗುಂಪುಗಳಿಗೆ ಹಂಚಿ, ಭೂತಕಾಲದ ಕ್ರಿಯಾಪದಗಳಿಗೆ ಕೆಂಪು ಗೆರೆ, ಭವಿಷ್ಯತ್ಕಾಲದ ಕ್ರಿಯಾಪದಗಳಿಗೆ ನೀಲಿ ಗೆರೆ ಎಳೆಯಲು ಹೇಳಿದೆ. ಮಕ್ಕಳು ನೆಲದ ಮೇಲೆ ಪುಟ ಹರಡಿ, ಬಗ್ಗಿ ಕುಳಿತು ಗೆರೆ ಎಳೆಯತೊಡಗಿದರು. ಜರುಗಿತು, ನೆರವೇರಿತು, ಉದ್ಘಾಟಿಸಿದರು, ಸನ್ಮಾನಿಸಲಾಯಿತು, ಕರೆ ನೀಡಿದರು, ಅಭಿಪ್ರಾಯಪಟ್ಟರು, ಶ್ಲಾಘಿಸಿದರು. ಹತ್ತು ನಿಮಿಷದಲ್ಲಿ ಪುಟಗಳು ಕೆಂಪಾದವು. ನನ್ನ ಹತ್ತಿರದ ಗುಂಪಿನ ಪುಟದಲ್ಲಿ ನೀಲಿ ಗೆರೆ ಬಿದ್ದದ್ದು ಆರು ಕಡೆ ಮಾತ್ರ. ಎರಡು ವಿದ್ಯುತ್ ವ್ಯತ್ಯಯದ ಪ್ರಕಟಣೆಯವು, ಒಂದು ಕುಡಿಯುವ ನೀರಿನ ಪೂರೈಕೆಯದು, ಎರಡು ಸಚಿವರ ಪ್ರವಾಸದವು. ಉಳಿದ ಒಂದು ಸಾಹಿತ್ಯ ಕಾರ್ಯಕ್ರಮದ್ದು. ಅದು ಕೆಳಮೂಲೆಯಲ್ಲಿ, ಎರಡು ಸಾಲಿನಲ್ಲಿ, "ಇಂದು ಬೆಳಿಗ್ಗೆ 10.30ಕ್ಕೆ ನಡೆಯಲಿದೆ" ಎಂದಿತ್ತು. ನಾವು ಓದುವಾಗ ಮಧ್ಯಾಹ್ನದ ಬಿಸಿಯೂಟದ ಹೊತ್ತಾಗಿತ್ತು.

ಹಿಂದಿನ ಸಾಲಿನಲ್ಲಿ ಕೂಡುವ, ಹೆಚ್ಚು ಮಾತಾಡದ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಟೀಚರ್, ಇದೆಲ್ಲಾ ಮುಗದದಲ್ರೀ, ಮತ್ ನಮಗ್ಯಾಕ ಹೇಳ್ಲಾಕತ್ತಾರ?" ಉಳಿದ ಮಕ್ಕಳು ಅವನ ಕಡೆ ತಿರುಗಿದರು. ನಡೆದದ್ದನ್ನು ದಾಖಲಿಸುವುದೂ ಪತ್ರಿಕೆಯ ಕೆಲಸ ಎಂದು ನಾನು ಹೇಳಿದೆ. ಉತ್ತರ ಸರಿಯೇ ಇತ್ತು. ಆದರೆ ಅವನು ಕೇಳಿದ್ದು ಪತ್ರಿಕೆಯ ಕೆಲಸವನ್ನಲ್ಲ, "ನಮಗೆ" ಎಂಬುದನ್ನು. ಆ ವರದಿಗಳು ಯಾರನ್ನು ಉದ್ದೇಶಿಸಿ ಬರೆದವು ಎಂಬುದು ಅವನ ಪ್ರಶ್ನೆ. ಅಪ್ಪನ ಮೌನದಲ್ಲಿ ಇದ್ದದ್ದೂ ಅದೇ ಪ್ರಶ್ನೆ ಎಂದು ನನಗೆ ಆಗ ಹೊಳೆಯಿತು.

ಆ ಆರು ನೀಲಿ ಗೆರೆಗಳಲ್ಲಿ ನಾನು ಬಹಳ ಹೊತ್ತು ನೋಡಿದ್ದು ವಿದ್ಯುತ್ ವ್ಯತ್ಯಯದ ಪ್ರಕಟಣೆಯನ್ನು. ಜೆಸ್ಕಾಂನ ಆ ಪ್ರಕಟಣೆ ಎಷ್ಟು ಅಚ್ಚುಕಟ್ಟಾಗಿರುತ್ತದೆ ಎಂಬುದನ್ನು ನೀವೂ ಗಮನಿಸಿರಬಹುದು. ಯಾವ ಫೀಡರ್, ಯಾವ ಯಾವ ಬಡಾವಣೆ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಏನು ಕಾರಣ, ಎಲ್ಲವೂ ಅದರಲ್ಲಿರುತ್ತದೆ. ಅದನ್ನು ಓದಿ ಹಿಂದಿನ ದಿನವೇ ಮೇಲಿನ ಟಾಕಿಗೆ ನೀರು ಏರಿಸಿಕೊಳ್ಳುತ್ತೇವೆ, ಮಿಕ್ಸಿಯಲ್ಲಿ ಆಗಬೇಕಾದ ಶೇಂಗಾ ಹಿಂಡಿ ಕುಟ್ಟಿಟ್ಟುಕೊಳ್ಳುತ್ತೇವೆ. ಭೀಮಾ ನದಿಯ ಸರಡಗಿಯಿಂದಾಗಲಿ ಬೆಣ್ಣೆತೊರೆಯಿಂದಾಗಲಿ ಬರುವ ನೀರಿನ ಪೈಪು ಒಡೆದರೂ ಹೀಗೆಯೇ, ಯಾವ ಓಣಿಗೆ ಎರಡು ದಿನ ನೀರಿಲ್ಲ ಎಂಬುದನ್ನು ಮುಂಚೆ ತಿಳಿಸುತ್ತಾರೆ. ಮುಂಚೆ ಹೇಳುವ ಪದ್ಧತಿ ನಮ್ಮಲ್ಲಿ ಇದೆ ಎಂದಾಯಿತು. ಇಲ್ಲದ್ದನ್ನು ಹೇಳಲು ಅದು ಬಳಕೆಯಾಗುತ್ತಿದೆ, ಇರುವುದನ್ನು ಹೇಳಲು ಆಗುತ್ತಿಲ್ಲ.

ಟಿಕೆಟ್ ಇರುವುದಕ್ಕೆ ಆಟೊ, ಇಲ್ಲದ್ದಕ್ಕೆ ಆಮಂತ್ರಣ

ಏಕೆ ಹೀಗೆ ಎಂದು ನಾಲ್ಕಾರು ಜನರನ್ನು ಕೇಳಿದೆ. ಸಣ್ಣ ಸಾಂಸ್ಕೃತಿಕ ಸಂಘವೊಂದನ್ನು ಇಪ್ಪತ್ತು ವರ್ಷದಿಂದ ಕೈಯಿಂದ ಹಣ ಹಾಕಿ ನಡೆಸಿಕೊಂಡು ಬಂದಿರುವ ಹಿರಿಯರೊಬ್ಬರು ಮುಚ್ಚುಮರೆಯಿಲ್ಲದೆ ವಿವರಿಸಿದರು. ಮುಖ್ಯ ಅತಿಥಿಯ ದಿನಾಂಕ ಖಚಿತವಾಗುವುದೇ ಎರಡು ದಿನ ಮುಂಚೆ. ಅದಾದ ಮೇಲೆ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗಬೇಕು, ಅದರಲ್ಲಿ ಯಾರ ಹೆಸರೂ ಬಿಟ್ಟುಹೋಗಬಾರದು, ಯಾರ ಹೆಸರು ಯಾರ ಕೆಳಗೆ ಬರಬಾರದೋ ಅಲ್ಲಿ ಬರಬಾರದು. ಧನಸಹಾಯ ಸಿಕ್ಕಿದ್ದರೆ ಲೆಕ್ಕಪತ್ರದ ಜೊತೆಗೆ ಛಾಯಾಚಿತ್ರ ಮತ್ತು ಪತ್ರಿಕೆಯ ತುಣುಕುಗಳನ್ನು ಲಗತ್ತಿಸಬೇಕು. ಹಾಗಾಗಿ ಕಾರ್ಯಕ್ರಮ ನಡೆದ ರಾತ್ರಿಯೇ ವರದಿ ಬರೆದು ಫೋಟೊ ಸಮೇತ ಕಳಿಸುವುದು ಅವರಿಗೆ ತಪ್ಪಿಸಲಾಗದ ಕೆಲಸ. ಕಾರ್ಯಕ್ರಮಕ್ಕೆ ಬನ್ನಿ ಎಂದು ನಾಲ್ಕು ದಿನ ಮುಂಚೆ ತಿಳಿಸುವುದು ಮಾಡಿದರೆ ಒಳ್ಳೆಯದು, ಮಾಡದಿದ್ದರೆ ಯಾರೂ ಕೇಳುವುದಿಲ್ಲ. "ನನಗೂ ಖುರ್ಚಿ ಖಾಲಿ ಇರೋದ ನೋಡಿ ಹೊಟ್ಟಿ ಉರೀತದ್ರಿ" ಎಂದರು ಅವರು. ಆ ಮಾತು ಖರೇ ಎಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು.

ಇದಕ್ಕೆ ಎದುರಾಗಿ ನನ್ನ ಬಾಲ್ಯದ ಆಟೊ ನೆನಪಾಗುತ್ತದೆ. ಜಾತ್ರೆಗೆ ಬಂದು ಟೆಂಟು ಹೊಡೆದ ನಾಟಕ ಕಂಪನಿಯವರು ಆಟೊಗೆ ಎರಡೂ ಕಡೆ ಬೋರ್ಡು ಕಟ್ಟಿ, ಮೇಲೆ ಧ್ವನಿವರ್ಧಕ ಇಟ್ಟು ಓಣಿ ಓಣಿ ತಿರುಗುತ್ತಿದ್ದರು. "ನೋಡಲು ಮರೆಯದಿರಿ, ಮರೆತು ನಿರಾಶರಾಗದಿರಿ" ಎಂಬ ದನಿ ದೂರದಿಂದ ಕೇಳಿದರೆ ನಾವು ಕರಪತ್ರಕ್ಕಾಗಿ ಅದರ ಹಿಂದೆ ಓಡುತ್ತಿದ್ದೆವು. ತಿಳಿ ಗುಲಾಬಿ, ಹಳದಿ, ಹಸಿರು ಬಣ್ಣದ ತೆಳು ಕಾಗದ ಅದು. ನಾಟಕದ ಹೆಸರು, ಆಟದ ಎರಡು ಹೊತ್ತು, ನಟ ನಟಿಯರ ಹೆಸರು, ಟಿಕೆಟಿನ ದರ, ಟೆಂಟು ಎಲ್ಲಿದೆ ಎಂಬುದು, ಇಷ್ಟೂ ಆ ಒಂದು ಗೇಣು ಕಾಗದದಲ್ಲಿ ಇರುತ್ತಿತ್ತು. ಕಂಪನಿಯವರ ಹೊಟ್ಟೆ ತುಂಬಬೇಕಾದರೆ ಟೆಂಟು ತುಂಬಬೇಕಾಗಿತ್ತು, ಅದಕ್ಕಾಗಿ ಅವರು ನಮ್ಮ ಮನೆಯ ಬಾಗಿಲವರೆಗೆ ಬಂದರು. ಉಚಿತ ಕಾರ್ಯಕ್ರಮದ ಬದುಕು ಪ್ರೇಕ್ಷಕರ ಮೇಲೆ ನಿಂತಿಲ್ಲ. ಈ ವ್ಯತ್ಯಾಸ ಯಾರ ದುರುದ್ದೇಶದಿಂದಲೂ ಆದದ್ದಲ್ಲ. ಆದರೂ ಅದರ ಫಲವನ್ನು ಉಣ್ಣುವವರು ಅಪ್ಪನಂಥವರು.

ನಮ್ಮ ಊರಿನ ದೊಡ್ಡ ರಂಗಮಂದಿರಕ್ಕೆ ಡಾ. ಎಸ್‌.ಎಂ. ಪಂಡಿತರ ಹೆಸರಿದೆ. 1916ರಲ್ಲಿ ಇಲ್ಲಿ ಹುಟ್ಟಿದ ಅವರು ಮುಂಬಯಿಗೆ ಹೋಗಿ ಸಿನಿಮಾ ಪೋಸ್ಟರ್‌ಗಳನ್ನೂ ಕ್ಯಾಲೆಂಡರ್ ಚಿತ್ರಗಳನ್ನೂ ಬರೆದು ದೇಶದಾದ್ಯಂತ ಹೆಸರಾದವರು. ಬೀದಿಯಲ್ಲಿ ನಡೆದುಹೋಗುವವನು ಗೋಡೆಯ ಮುಂದೆ ನಿಂತು, ಇದನ್ನು ನೋಡಲೇಬೇಕು ಎಂದುಕೊಳ್ಳುವಂತೆ ಮಾಡುವುದೇ ಅವರ ಕಲೆಯ ಒಂದು ಭಾಗವಾಗಿತ್ತು. ಆ ಮಂದಿರದ ಹೊರಗೋಡೆಯ ಮೇಲೆ ಮುಂದಿನ ವಾರ ಒಳಗೆ ಏನಿದೆ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುವ ಒಂದು ಫಲಕ ನೋಡಬೇಕೆಂಬುದು ನನ್ನ ಬಹುದಿನದ ಆಸೆ.

ಜನರಿಗೆ ಆಸಕ್ತಿ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2020ರ ಫೆಬ್ರುವರಿ 5ರಿಂದ 7ರವರೆಗೆ ವಿಶ್ವವಿದ್ಯಾಲಯದ ಆವರಣದಲ್ಲಿ 85ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ, ಪುಸ್ತಕ ಮಳಿಗೆಗಳ ಸಾಲಿನಲ್ಲಿ ಅಪ್ಪನ ಕೈ ಹಿಡಿದು ನಡೆಸಲು ನನಗೆ ದಾರಿ ಸಿಕ್ಕಿರಲಿಲ್ಲ. ಆ ಸುದ್ದಿ ಎಲ್ಲರಿಗೂ ಮೊದಲೇ ತಲುಪಿತ್ತು, ಜನ ಬಂದರು. ಅಷ್ಟೇ.

ಪಂಚಾಂಗ ತಾನೇ ಸಾರುವ ಸುದ್ದಿ

ಮುಂಚೆ ತಿಳಿಸುವ ಅಗತ್ಯವೇ ಇಲ್ಲದ ಕೂಟಗಳೂ ನಮ್ಮಲ್ಲಿವೆ. ಹೋಳಿ ಹುಣ್ಣಿಮೆ ಕಳೆದು ಐದನೆಯ ದಿನ ಶರಣಬಸವೇಶ್ವರರ ರಥೋತ್ಸವ ಎಂದು ಈ ಭಾಗದಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಸೂಫಿ ಸಂತ ಖಾಜಾ ಬಂದೇನವಾಜರು 1422ರಲ್ಲಿ ತೀರಿಕೊಂಡರು. ಅಂದಿನಿಂದ ಜಿಲ್ಕಾದ್ ತಿಂಗಳು ಬಂತೆಂದರೆ ಉರುಸಿನ ತಯಾರಿ ಶುರುವಾಗುತ್ತದೆ, ಹದಿನೈದರಂದು ಗಂಧದ ಮೆರವಣಿಗೆ, ಮರುದಿನ ದೀಪ ಎಂಬುದನ್ನು ಯಾವ ಕರಪತ್ರವೂ ಹೇಳಬೇಕಿಲ್ಲ. ಶ್ರಾವಣ ಬಂದರೆ ಗುಡಿ ಗುಡಿಗಳಲ್ಲಿ ಪುರಾಣ ಹಚ್ಚುತ್ತಾರೆ, ತಿಂಗಳಿಡೀ ಸಂಜೆ ಪುರಾಣ, ಸಂಗೀತ, ಪ್ರಸಾದ. ಗಾಣಗಾಪುರಕ್ಕೆ ಹುಣ್ಣಿಮೆಗೆ ಹೋಗಬೇಕೆಂದು ಯಾರಾದರೂ ಆಮಂತ್ರಣ ಕೊಟ್ಟದ್ದುಂಟೆ? ಚಂದ್ರನನ್ನು ನೋಡಿಯೇ ಊರು ತನ್ನ ಕಾರ್ಯಕ್ರಮ ಪಟ್ಟಿಯನ್ನು ತಿಳಿದುಕೊಳ್ಳುತ್ತದೆ.

ಈ ಕೂಟಗಳಿಗೂ ಸಭಾಭವನದ ಕಾರ್ಯಕ್ರಮಕ್ಕೂ ಇನ್ನೊಂದು ಅಂತರವಿದೆ, ಅದು ನನಗೆ ತಡವಾಗಿ ಅರ್ಥವಾಯಿತು. ಜಾತ್ರೆಗೆ, ಉರುಸಿಗೆ, ದಾಸೋಹಕ್ಕೆ ಹೋಗುವಾಗ ಯಾರೂ "ನಾವು ಹೋಗಬಹುದೇ" ಎಂದು ಕೇಳುವುದಿಲ್ಲ. ಸಭಾಭವನಕ್ಕೆ ಹೋಗುವಾಗ ಕೇಳುತ್ತಾರೆ. ಮುಂದಿನ ಸಾಲಿನಲ್ಲಿ ಬಿಳಿ ಬಟ್ಟೆ ಹೊದಿಸಿದ ಸೋಫಾ, ಬಾಗಿಲಲ್ಲಿ ಬ್ಯಾಡ್ಜು ಹಚ್ಚಿಕೊಂಡವರು, ಆಮಂತ್ರಣದ ತುಂಬ ದಿವ್ಯ ಸಾನ್ನಿಧ್ಯ, ಘನ ಉಪಸ್ಥಿತಿ. ಕೊನೆಯಲ್ಲಿ "ಸರ್ವರಿಗೂ ಆದರದ ಸುಸ್ವಾಗತ" ಎಂದು ಅಚ್ಚಾಗಿದ್ದರೂ, ಆ ಸರ್ವರಲ್ಲಿ ತಾನೂ ಒಬ್ಬಳು ಎಂದು ಮನೆಗೆಲಸ ಮುಗಿಸಿ ಬಂದ ಹೆಣ್ಣುಮಗಳಿಗೆ ಅನ್ನಿಸಬೇಕಾದರೆ ಯಾರಾದರೂ ಅವಳ ಹೆಸರು ಹಿಡಿದು ಕರೆಯಬೇಕು. ಕರೆಯದೆ ಹೋಗುವುದು ನಮ್ಮ ಕಡೆ ಮಾನದ ಪ್ರಶ್ನೆ.

ಗಿರಣಿಯ ಗೋಡೆ

ದಸರೆಯ ರಜೆಯಲ್ಲಿ ನಾನು ಒಂದು ಕೆಲಸ ಶುರುಮಾಡಿದೆ. ವಾರದ ಪತ್ರಿಕೆಗಳು, ಕನ್ನಡ ಭವನದ ಬಾಗಿಲಿಗೆ ಅಂಟಿಸಿದ ಚೀಟಿಗಳು, 1966ರಿಂದ ಈ ಊರಿನ ದನಿಯಾಗಿರುವ ಆಕಾಶವಾಣಿಯ ಪ್ರಕಟಣೆಗಳು, ಪರಿಚಯದ ಸಂಘಟಕರಿಗೆ ಮಾಡಿದ ಫೋನುಗಳು, ಇವುಗಳಿಂದ ಮುಂದಿನ ಏಳು ದಿನಗಳಲ್ಲಿ ಏನೇನಿದೆ ಎಂದು ಹೆಕ್ಕಿ ಒಂದು ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆದು, ಶುಕ್ರವಾರ ಸಂಜೆ ನಮ್ಮ ಓಣಿಯ ಹಿಟ್ಟಿನ ಗಿರಣಿಯ ಗೋಡೆಗೆ ಹಚ್ಚುವುದು. ಗಿರಣಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಎರಡು ಹೊತ್ತು ಜೋಳದ ರೊಟ್ಟಿ ತಿನ್ನುವ ಊರಿನಲ್ಲಿ ವಾರಕ್ಕೊಮ್ಮೆಯಾದರೂ ಎಲ್ಲ ಮನೆಯವರೂ ಅಲ್ಲಿಗೆ ಬರಲೇಬೇಕು, ತಮ್ಮ ಪಾಳಿ ಬರುವವರೆಗೆ ನಿಲ್ಲಲೇಬೇಕು. ಫೋನಿನಲ್ಲಿ ಬಂದ ಸಂದೇಶ ನೂರು ಶುಭೋದಯಗಳ ಕೆಳಗೆ ಹೂತುಹೋಗುತ್ತದೆ. ಗಿರಣಿಯ ಗೋಡೆಯ ಮೇಲಿನ ಹಾಳೆ ಡಬ್ಬಿ ಹಿಡಿದು ನಿಂತವರ ಕಣ್ಣೆದುರಿಗೇ ಇರುತ್ತದೆ.

ಮೊದಲ ಹಾಳೆಯಲ್ಲಿ ಏಳೇ ಸಾಲಿದ್ದವು. ಮೇಲೆ ಊರ ಸುದ್ದಿ: ಯಾವ ದಿನ ಕರೆಂಟ್ ಇರುವುದಿಲ್ಲ, ನೀರು ಯಾವಾಗ, ರೇಷನ್ ಎಂದಿನಿಂದ. ಅದಿಲ್ಲದಿದ್ದರೆ ಹಾಳೆಯನ್ನು ಯಾರೂ ಓದುವುದಿಲ್ಲ ಎಂದು ಗಿರಣಿಯ ಕಾಕಾ ಮೊದಲೇ ಹೇಳಿದ್ದರು, ಅವರ ಮಾತು ಸರಿಯಾಗಿತ್ತು. ಅದರ ಕೆಳಗೆ ವಾರದ ಕಾರ್ಯಕ್ರಮಗಳು: ಒಂದು ದತ್ತಿ ಉಪನ್ಯಾಸ, ಒಂದು ಶಿವಾನುಭವ ಗೋಷ್ಠಿ, ಕಾಲೇಜು ಹುಡುಗರ ಒಂದು ನಾಟಕ, ಒಂದು ಮುಶಾಯಿರಾ. ಗಿರಣಿಗೆ ಬರುವ ಅರ್ಧ ಹೆಣ್ಣುಮಕ್ಕಳು ಮನೆಯಲ್ಲಿ ದಖನಿ ಮಾತಾಡುವವರು. ಎರಡನೆಯ ವಾರದಿಂದ ಪಿಯುಸಿ ಓದುವ ಹುಡುಗಿಯೊಬ್ಬಳು ಪ್ರತಿ ಸಾಲಿನ ಕೆಳಗೆ ಉರ್ದುವಿನಲ್ಲಿ ಬರೆಯತೊಡಗಿದಳು. ಓದು ಬರದವರಿಗೆ ಕಾಕಾ ಓದಿ ಹೇಳುತ್ತಾರೆ. ಕಲ್ಲು ತಿರುಗುವ ಸದ್ದಿನ ಮೇಲೆ ದನಿ ಏರಿಸಿ, ಮೈಗೆಲ್ಲ ಹಿಟ್ಟು ಮೆತ್ತಿಕೊಂಡು, "ಐತ್ವಾರ ಸಂಜೀಕ ಆರಕ್ಕ, ನಾಟಕ ಅದ, ರೊಕ್ಕ ಇಲ್ಲ" ಎಂದು ಅವರು ಕೂಗುವುದನ್ನು ಕೇಳಿದಾಗ ನನಗೆ ಹಳ್ಳಿಯ ಡಂಗುರದ ನೆನಪಾಗುತ್ತದೆ.

ಕಾರ್ಯಕ್ರಮವಿಲ್ಲದ ವಾರದಲ್ಲಿ ಖರ್ಚಿಲ್ಲದೆ ಹೋಗಿಬರುವ ಜಾಗಗಳ ಬಗ್ಗೆ ಎರಡು ಸಾಲು ಬರೆಯುತ್ತೇನೆ. ಸಾರ್ವಜನಿಕ ಗ್ರಂಥಾಲಯಗಳ ವಾರದ ರಜೆ ಸೋಮವಾರ, ಭಾನುವಾರ ಅವು ತೆರೆದಿರುತ್ತವೆ ಎಂಬುದೇ ನಮ್ಮ ಓಣಿಯ ಎಷ್ಟೋ ಮನೆಗಳಿಗೆ ಹೊಸ ಸುದ್ದಿಯಾಗಿತ್ತು. ಹಫ್ತ ಗುಂಬಜಿನ ಅಂಗಳದಲ್ಲಿ ಸಂಜೆ ಐದರ ಮೇಲೆ ಬಿಸಿಲು ಇಳಿದಾಗ ಕುಳಿತರೆ, ಸುಲ್ತಾನ ಫಿರೋಜಶಾಹನ ಗೋರಿಯ ಗೋಡೆಯ ಕೆತ್ತನೆಗಳ ಮೇಲೆ ನೆರಳು ಸರಿಯುವುದನ್ನು ನೋಡಬಹುದು. ಕೋಟೆಯೊಳಗಿನ ಜಾಮಿ ಮಸೀದಿ 1367ರದು. ಬೇರೆ ಮಸೀದಿಗಳಲ್ಲಿ ಆಕಾಶಕ್ಕೆ ತೆರೆದಿರುವ ಅಂಗಳ ಇಲ್ಲಿಲ್ಲ, ಇಡೀ ಕಟ್ಟಡಕ್ಕೆ ಚಾವಣಿ ಇದೆ, ಮೇಲೆ ಸಾಲು ಸಾಲು ಗುಮ್ಮಟಗಳಿವೆ. ಮಕ್ಕಳಿಗೆ ಅವನ್ನು ಎಣಿಸಲು ಹೇಳಿ ಬಿಟ್ಟರೆ ಒಂದು ಗಂಟೆ ಕಳೆದದ್ದು ತಿಳಿಯುವುದಿಲ್ಲ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿನ ಹಣ ಇಲ್ಲವಾದ್ದರಿಂದ ಹಾಳೆಯ ಸೀಮೆ ಊರ ಹೊರಗೂ ಬೆಳೆದಿದೆ. ಹೋದ ಜನವರಿಯಲ್ಲಿ ಓಣಿಯ ಒಂಬತ್ತು ಹೆಂಗಸರು ಬುತ್ತಿ ಕಟ್ಟಿಕೊಂಡು ಮಳಖೇಡಕ್ಕೆ ಹೋಗಿ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಊರಿನ ಕೋಟೆ ನೋಡಿ, ಕಾಗಿಣಾ ದಂಡೆಯಲ್ಲಿ ಸಜ್ಜೆ ರೊಟ್ಟಿ, ಪುಂಡಿಪಲ್ಯ ಉಂಡು ಬಂದರು. ಸೇಡಂ ಬಸ್ಸಿನಲ್ಲಿ ಎಷ್ಟೋ ಸಲ ಆ ಊರು ದಾಟಿದವರು ಅವರಲ್ಲಿದ್ದರು. ಇಳಿದದ್ದು ಅದೇ ಮೊದಲು.

ಹಾಳೆಯ ಮುಂದೆ ನಿಂತು ಜನ ಕೇಳುವ ಪ್ರಶ್ನೆಗಳು ನನಗೆ ಬಹಳ ಕಲಿಸಿದವು. ಯಾರೂ ಮುಖ್ಯ ಅತಿಥಿ ಯಾರೆಂದು ಕೇಳಲಿಲ್ಲ. ರಾತ್ರಿ ಎಷ್ಟಕ್ಕೆ ಮುಗಿಯುತ್ತದೆ, ಬರುವಾಗ ಬಸ್ಸು ಸಿಗುತ್ತದೆಯೇ, ಕೂಸನ್ನು ಕರೆದುಕೊಂಡು ಹೋದರೆ ನಡೆಯುತ್ತದೆಯೇ, ಶೌಚಾಲಯ ಇದೆಯೇ, ಇವು ಪ್ರಶ್ನೆಗಳು. ಎಲ್ಲಕ್ಕಿಂತ ಹೆಚ್ಚಾಗಿ ಕೇಳಿದ್ದು, "ನಾವು ಹೋದ್ರ ಏನರ ಅಂತಾರೇನ್ರಿ?" ಎಂದು. ಆಮೇಲೆ ನಾನು "ಪ್ರವೇಶ ಉಚಿತ" ಎಂದು ಬರೆಯುವುದನ್ನು ಬಿಟ್ಟೆ. "ಆಮಂತ್ರಣ ಬೇಕಿಲ್ಲ. ಯಾರನ್ನೂ ಕೇಳಬೇಕಿಲ್ಲ. ನಡುವಿನ ಬಾಗಿಲಿನಿಂದ ಒಳಗೆ ಹೋಗಿ ನಾಲ್ಕನೆಯ ಸಾಲಿನಿಂದ ಎಲ್ಲಿ ಬೇಕಾದರೂ ಕೂಡಬಹುದು" ಎಂದು ಬರೆಯುತ್ತೇನೆ.

ಮೇ ತಿಂಗಳ ತಪ್ಪು

ಮುಂಚೆ ಹೇಳುವುದರಲ್ಲಿ ಒಂದು ಹೊಣೆ ಇದೆ, ನಡೆದದ್ದನ್ನು ಹೇಳುವುದರಲ್ಲಿ ಅದಿಲ್ಲ. ಅದನ್ನು ನಾನು ಕಲಿತದ್ದು ಮೇ ತಿಂಗಳಲ್ಲಿ. ಬೇಸಿಗೆ ಶಿಬಿರದ ಮಕ್ಕಳು ಆಡುವ ನಾಟಕವೊಂದರ ವಿವರವನ್ನು ಆಮಂತ್ರಣ ನೋಡಿಯೇ ಬರೆದಿದ್ದೆ. ಶನಿವಾರ ಸಂಘಟಕರು ಸಭಾಭವನ ಬದಲಿಸಿದರು. ನಾನು ಮತ್ತೆ ಫೋನು ಮಾಡಿ ಕೇಳಿರಲಿಲ್ಲ. ನಮ್ಮ ಹಿಂದಿನ ಓಣಿಯಲ್ಲಿ ಬಟ್ಟೆ ಹೊಲಿಯುವ ಹೆಣ್ಣುಮಗಳು ತನ್ನ ಇಬ್ಬರು ಮಕ್ಕಳನ್ನೂ ಪಕ್ಕದ ಮನೆಯ ಹುಡುಗಿಯನ್ನೂ ಕರೆದುಕೊಂಡು, ಭಾನುವಾರದ ನಾಲ್ಕು ಗಂಟೆಯ ಬಿಸಿಲಿನಲ್ಲಿ ಆಟೊ ಮಾಡಿಕೊಂಡು ಹೋದಳು. ಗೇಟಿಗೆ ಬೀಗವಿತ್ತು. ಕಲಬುರಗಿಯ ಮೇ ತಿಂಗಳ ಬಿಸಿಲೆಂದರೆ ಏನೆಂದು ಓದುವವರಿಗೆ ನಾನು ಹೇಳಬೇಕಿಲ್ಲ.

ಸೋಮವಾರ ಸಂಜೆ ಗಿರಣಿಯಲ್ಲಿ ಭೇಟಿಯಾದಾಗ ಅವಳು ಜೋಳದ ಡಬ್ಬಿಯನ್ನು ಕೆಳಗಿಟ್ಟು, "ಅಕ್ಕೋರ, ನೀವು ಬರದೀರಿ ಅಂತ ಹೋಗಿದ್ವಿ, ಅಲ್ಲಿ ಯಾರೂ ಇರ್ಲಿಲ್ಲರಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ತನ್ನಿಂದಲೇ ಎಲ್ಲೋ ಕೇಳಿಸಿಕೊಳ್ಳುವಾಗ ತಪ್ಪಾಗಿರಬಹುದು ಎಂಬಂತೆ ಅವ್ವನೊಬ್ಬಳು ಮಗಳಿಗೆ ಹೇಳುವ ಹಾಗಿತ್ತು. ತಪ್ಪು ನನ್ನದೆಂದು ಹೇಳಿ ಆಟೊದ ಹಣ ಕೊಡಲು ಹೋದೆ, ಅವಳು ಕೈ ಹಿಂದಕ್ಕೆ ಸರಿಸಿದಳು. ನಾಲ್ಕು ವಾರ ಅವಳು ಹಾಳೆಯ ಕಡೆ ನೋಡಲಿಲ್ಲ. ಒಂದು ದಿನದ ಹೊಲಿಗೆ ಬಿಟ್ಟು, ಮಕ್ಕಳಿಗೆ ಹೊಸ ಬಟ್ಟೆ ಹಾಕಿ ಹೊರಟವಳಿಗೆ ನನ್ನ ಕೈಬರಹದ ಮೇಲಿದ್ದ ನಂಬಿಕೆಯ ಬೆಲೆ ಆ ನಾಲ್ಕು ವಾರ ನನಗೆ ತಿಳಿಯುತ್ತಾ ಹೋಯಿತು. ಅಂದಿನಿಂದ ಶುಕ್ರವಾರ ಸಂಜೆ ಪ್ರತಿಯೊಂದಕ್ಕೂ ಫೋನು ಮಾಡುತ್ತೇನೆ, ಶನಿವಾರ ರಾತ್ರಿ ಇನ್ನೊಮ್ಮೆ ಮಾಡುತ್ತೇನೆ, ಉತ್ತರ ಸಿಗದಿದ್ದರೆ ಆ ಸಾಲನ್ನು ಹೊಡೆದುಹಾಕಿ ಬರುತ್ತೇನೆ. ಹಾಳೆ ಚಿಕ್ಕದಾಯಿತು. ಐದನೆಯ ವಾರ ಅವಳು ಡಬ್ಬಿ ಹಿಡಿದು ಅದರ ಮುಂದೆ ನಿಂತಿದ್ದಳು.

ಅಂಚಿನ ಬರಹ

ಈ ಸಲ ಶ್ರಾವಣದಲ್ಲಿ ಮತ್ತೆ ತತ್ವಪದದ ಕಾರ್ಯಕ್ರಮ ಬಂತು. ಹತ್ತು ದಿನ ಮುಂಚೆಯೇ ತಿಳಿಯಿತು. ನಾನು ಮೇಲೆ ಹೇಳಿದ ಆ ಹಿರಿಯ ಸಂಘಟಕರೇ ಈಗ ದಿನಾಂಕ ಗೊತ್ತಾದೊಡನೆ ಫೋನು ಮಾಡುತ್ತಾರೆ, ಅತಿಥಿಗಳ ಹೆಸರು ಆಮೇಲೆ ಹೇಳುತ್ತೇನೆ ಎನ್ನುತ್ತಾರೆ. ಅಪ್ಪ ಮಧ್ಯಾಹ್ನ ಮೂರಕ್ಕೇ ಧೋತರ ಉಟ್ಟು ತಯಾರಾಗಿ ಕುಳಿತಿದ್ದರು. ಭವನದಲ್ಲಿ ನಮ್ಮ ಓಣಿಯವರೇ ಹದಿನಾಲ್ಕು ಜನರಿದ್ದರು, ನಾಲ್ಕನೆಯ ಸಾಲಿನಲ್ಲಿ ಒಟ್ಟಿಗೆ ಕುಳಿತಿದ್ದರು. ಸಭೆ ಮುಗಿದು ಗಣ್ಯರು ಇಳಿದು ಹೋದ ಮೇಲೆ ಹಾಡು ಶುರುವಾಯಿತು. ಮೂರನೆಯ ತಂಡದವರು ಪದವೊಂದನ್ನು ಎತ್ತಿಕೊಂಡು ಎರಡನೆಯ ನುಡಿಗೆ ಬಂದಾಗ, ನಮ್ಮ ಹಿಂದೆ ಕುಳಿತಿದ್ದ ಹಣೆತುಂಬ ವಿಭೂತಿಯ ಮುದುಕಿಯೊಬ್ಬಳು ಕೂತಲ್ಲಿಯೇ ದನಿಗೂಡಿಸಿದಳು. ಮುಮ್ಮೇಳದವರು ಅವಳ ಕಡೆ ಕೈ ಮಾಡಿ ಕರೆದರು. ಅವಳು ಎದ್ದು ನಿಂತು, ಸೆರಗು ಸರಿಪಡಿಸಿಕೊಂಡು, ಮೈಕಿಲ್ಲದೆ ಉಳಿದ ನಾಲ್ಕು ನುಡಿಯನ್ನೂ ಹಾಡಿದಳು. ಅಪ್ಪ ಮೊಣಕಾಲಿನ ಮೇಲೆ ಬೆರಳಿನಿಂದ ದಮ್ಮಡಿಯ ಪೆಟ್ಟು ಹಿಡಿದಿದ್ದರು.

ಸೋಮವಾರ ವರದಿ ಬಂತು. ದೀಪ ಬೆಳಗಿಸಿದವರು, ಅಧ್ಯಕ್ಷತೆ ವಹಿಸಿದವರು, ಸ್ವಾಗತಿಸಿದವರು, ವಂದಿಸಿದವರು ಎಲ್ಲ ಇದ್ದರು. ಅಪ್ಪ ಚಹಾ ಕುಡಿದು ಲೋಟ ಕೆಳಗಿಟ್ಟು, ನನ್ನ ಪೆನ್ನು ಕೇಳಿ ಇಸಿದುಕೊಂಡು, ಪುಟದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ತಂಡಗಳ ಊರುಗಳನ್ನೂ ಹಾಡಿದ ಪದಗಳ ಮೊದಲ ಸಾಲುಗಳನ್ನೂ ಒಂದೊಂದಾಗಿ ಬರೆದರು. ಮೂರನೆಯದರ ಮುಂದೆ ಬರೆದದ್ದು ಹೀಗಿತ್ತು: "ಕೊನೆಯ ನಾಲ್ಕು ನುಡಿ, ಹಿಂದೆ ಕೂತ ಮುದುಕಿ. ಹೆಸರು ಕೇಳುವುದು ಉಳಿಯಿತು."